ಎಡಿಸನ್ ನಿಜಕ್ಕೂ ಎಷ್ಟು ಮಲಗುತ್ತಿದ್ದರು?

ಇಂಟರ್ನಲ್ಸ್ ಹತ್ತಿರ ಬಂದರೆ ಸಾಕು, ಹಾಸ್ಟೆಲಿನಲ್ಲಿ ಒಂದು ಪೈಪೋಟಿ ಶುರುವಾಗುತ್ತೆ: ಯಾರು ಎಷ್ಟು ಕಡಿಮೆ ಮಲಗಿದರು ಅಂತ. ಎರಡೇ ಗಂಟೆ ಅಂದವನೇ ಹೀರೋ. ಈ ಪೈಪೋಟಿಗೆ ಒಬ್ಬ ಮೂಲಪುರುಷ ಬೇಕು ಅಂದ್ರೆ ಥಾಮಸ್ ಆಲ್ವಾ ಎಡಿಸನ್ ಇದ್ದಾರೆ.

1847ರಲ್ಲಿ ಅಮೆರಿಕದ ಓಹಾಯೋದಲ್ಲಿ ಹುಟ್ಟಿದ ಎಡಿಸನ್ ಶಾಲೆಗೆ ಹೋಗಿದ್ದು ತೀರಾ ಕಡಿಮೆ. ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ರೈಲಿನಲ್ಲಿ ಪೇಪರ್, ಮಿಠಾಯಿ ಮಾರುತ್ತಿದ್ದ ಹುಡುಗ ಹದಿನಾರರ ಹೊತ್ತಿಗೆ ಕೆನಡಾದ ಸ್ಟ್ರಾಟ್‌ಫರ್ಡ್ ಜಂಕ್ಷನ್ನಿನಲ್ಲಿ ರಾತ್ರಿ ಪಾಳಿಯ ಟೆಲಿಗ್ರಾಫ್ ಆಪರೇಟರ್ ಆದ. ಎಚ್ಚರವಾಗಿದ್ದೇನೆ ಅಂತ ತೋರಿಸಲು ಗಂಟೆಗೊಮ್ಮೆ ಸಿಗ್ನಲ್ ಕಳಿಸಬೇಕಿತ್ತು. ಈತ ಗಡಿಯಾರಕ್ಕೆ ಒಂದು ಸಾಧನ ಜೋಡಿಸಿದ. ಸಿಗ್ನಲ್ ತಾನಾಗಿಯೇ ಹೋಗ್ತಿತ್ತು, ಇವನು ನಿದ್ದೆ ಹೊಡೀತಿದ್ದ. ಪ್ರಾಕ್ಸಿ ಅಟೆಂಡೆನ್ಸ್ ನಮ್ಮ ಕಾಲದ ಆವಿಷ್ಕಾರ ಅಲ್ಲ ಬಿಡಿ! ಕೊನೆಗೆ ಸಿಕ್ಕಿಬಿದ್ದು ಬೈಸಿಕೊಂಡ.

1876ರಲ್ಲಿ ನ್ಯೂಜೆರ್ಸಿಯ ಮೆನ್ಲೊ ಪಾರ್ಕಿನಲ್ಲಿ ಪ್ರಯೋಗಾಲಯ ಕಟ್ಟಿದರು. 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ಗಂಟೆಗಟ್ಟಲೆ ಉರಿಯುವ ಕಾರ್ಬನ್ ತಂತುವಿನ ಬಲ್ಬ್, 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಬಂದವು. ಅವರ ಜೊತೆಗಾರರೂ ರಾತ್ರಿಯಿಡೀ ದುಡಿಯುತ್ತಿದ್ದರು. ನಿದ್ದೆ ಅಂದರೆ ಸಮಯ ಹಾಳು, ನಾಲ್ಕೈದು ಗಂಟೆ ಸಾಕು ಅನ್ನೋದು ಎಡಿಸನ್ನರ ವಾದ. ಪತ್ರಿಕೆಗಳು ಅದನ್ನೇ ಬರೆದವು, ಜನ ನಂಬಿದರು.

ಆದರೆ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಎಡಿಸನ್ ಹಗಲಲ್ಲಿ ಸಿಕ್ಕಸಿಕ್ಕಲ್ಲಿ ಮಲಗುತ್ತಿದ್ದರು. ಕೆಲಸದ ಮೇಜೂ ಅವರಿಗೆ ಹಾಸಿಗೆಯೇ. ವೆಸ್ಟ್ ಆರೆಂಜಿನ ಅವರ ಲೈಬ್ರರಿಯಲ್ಲಿ ಒಂದು ಮಂಚವೇ ಇತ್ತು. 1921ರ ಒಂದು ಫೋಟೋದಲ್ಲಿ ಅಧ್ಯಕ್ಷ ಹಾರ್ಡಿಂಗ್ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ದರೆ, ಇವರು ಹುಲ್ಲಿನ ಮೇಲೆ ಹಾಯಾಗಿ ಮಲಗಿದ್ದಾರೆ. 1931ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ವಿದ್ಯುತ್ ಬೆಳಕು 1905ರಲ್ಲಿ ಬೆಂಗಳೂರಿನ ಬೀದಿಗೂ ಬಂತು. ರಾತ್ರಿಯನ್ನು ಹಗಲು ಮಾಡುವ ಸ್ವಿಚ್ ಎಲ್ಲರ ಕೈಗೂ ಸಿಕ್ಕಿತು. ರಾತ್ರಿ ಕಣ್ಣಿಗೆ ಬೀಳುವ ಪ್ರಖರ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಅನ್ನು ತಗ್ಗಿಸುತ್ತೆ ಅಂತ ಈಗ ಗೊತ್ತಾಗಿದೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅಂತಾರೆ ತಜ್ಞರು. ಓದಿದ್ದು ತಲೆಯಲ್ಲಿ ಗಟ್ಟಿಯಾಗೋದೂ ನಿದ್ದೆಯಲ್ಲೇ. ಅಂದಮೇಲೆ ಇಡೀ ರಾತ್ರಿ ಓದಿ ಹಾಲ್‌ಗೆ ಹೋದವನಿಗೆ ಫಾರ್ಮುಲಾ ನೆನಪಾಗದಿದ್ದರೆ ಆಶ್ಚರ್ಯ ಇಲ್ಲ.

ನಾಳೆ ಯಾರಾದರೂ ಎಡಿಸನ್ ನಾಲ್ಕೇ ಗಂಟೆ ಮಲಗ್ತಿದ್ರು ಅಂದರೆ, ಆ ಲೈಬ್ರರಿ ಮಂಚದ ವಿಷಯವನ್ನೂ ಹೇಳಿ. ಆಮೇಲೆ ಲೈಟ್ ಆರಿಸಿ ಮಲಗಿ.