ಗುಂಡಿಗೆ ನಿಲ್ಲದ ರೂಸ್‌ವೆಲ್ಟ್

ಅಮೆರಿಕದ 26ನೇ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರನ್ನು ಜಗತ್ತು ನೆನೆಯುವುದು ಪನಾಮಾ ಕಾಲುವೆ, ಅರಣ್ಯ ಸಂರಕ್ಷಣೆ ಮತ್ತು 1906ರ ನೊಬೆಲ್ ಶಾಂತಿ ಪ್ರಶಸ್ತಿಗಾಗಿ. ಆದರೆ ಅವರ ಬದುಕಿನ ಹಲವು ತಿರುವುಗಳಲ್ಲಿ ಒಂದು ಕೈಬಂದೂಕು ಇದೆ. ಪಿಸ್ತೂಲಿನ ಒಂದೇ ಗುಂಡು ಮನುಷ್ಯನನ್ನು ನಿಂತಲ್ಲೇ ಉರುಳಿಸುತ್ತದೆ ಎಂಬ ಜನಪ್ರಿಯ ನಂಬಿಕೆಯನ್ನು ಒರೆಗೆ ಹಚ್ಚಲು ಆ ಬದುಕು ತಕ್ಕ ನಿದರ್ಶನ.

1858ರಲ್ಲಿ ನ್ಯೂಯಾರ್ಕಿನ ಸಿರಿವಂತ ಮನೆತನದಲ್ಲಿ ಜನಿಸಿದ ರೂಸ್‌ವೆಲ್ಟ್ ಬಾಲ್ಯದಲ್ಲಿ ಉಬ್ಬಸದಿಂದ ಬಳಲಿದವರು. ವ್ಯಾಯಾಮದಿಂದ ದೇಹವನ್ನು ಹುರಿಗೊಳಿಸಿಕೊಂಡವರು. 1895ರಲ್ಲಿ ನಗರದ ಪೊಲೀಸ್ ಆಯುಕ್ತರ ಮಂಡಳಿಯ ಅಧ್ಯಕ್ಷರಾದ ಅವರು, ಪೊಲೀಸರಿಗೆಲ್ಲ 32 ಕ್ಯಾಲಿಬರ್‌ನ ಒಂದೇ ಮಾದರಿಯ ರಿವಾಲ್ವರ್ ಒದಗಿಸಿ, ಗುರಿ ಹಿಡಿಯುವ ತರಬೇತಿಗೆ ನಾಂದಿ ಹಾಡಿದರು. ಕ್ಯಾಲಿಬರ್ ಎಂದರೆ ಅಂಗುಲದ ನೂರನೇ ಅಂಶಗಳಲ್ಲಿ ಗುಂಡಿನ ವ್ಯಾಸದ ಅಂದಾಜು ಅಳತೆ. 1898ರ ಕ್ಯೂಬಾ ಯುದ್ಧದಲ್ಲಿ ಅವರ ಕೈಯಲ್ಲಿದ್ದುದು 38 ಕ್ಯಾಲಿಬರ್‌ನ ರಿವಾಲ್ವರ್. ಅದರಿಂದ ಒಬ್ಬ ಸ್ಪ್ಯಾನಿಷ್ ಸೈನಿಕನನ್ನು ಕೊಂದುದಾಗಿ ಅವರೇ ಬರೆದುಕೊಂಡಿದ್ದಾರೆ.

1901ರ ಸೆಪ್ಟೆಂಬರ್ 6ರಂದು ಬಫಲೊ ನಗರದಲ್ಲಿ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಅವರ ಮೇಲೆ 32 ಕ್ಯಾಲಿಬರ್‌ನ ಎರಡು ಗುಂಡುಗಳು ಹಾರಿದವು. ಒಂದು ಹೊಟ್ಟೆಯನ್ನು ಹೊಕ್ಕಿತು. ಚೇತರಿಸಿಕೊಳ್ಳುತ್ತಿರುವಂತೆ ಕಂಡ ಮೆಕಿನ್ಲಿ, ಗಾಯ ಒಳಗೇ ಕೊಳೆತು ಎಂಟನೇ ದಿನ ತೀರಿಕೊಂಡರು. ಉಪಾಧ್ಯಕ್ಷರಾಗಿದ್ದ ರೂಸ್‌ವೆಲ್ಟ್ 42ನೇ ವಯಸ್ಸಿನಲ್ಲಿ ಅಧ್ಯಕ್ಷರಾದರು. ಆ ಗುಂಡು ಕೊಂದಿತು ನಿಜ. ಆದರೆ ತಕ್ಷಣವೇ ಕೊಲ್ಲಲಿಲ್ಲ.

ಅವರ ಆಡಳಿತ ಕಾಲದಲ್ಲಿ ಫಿಲಿಪ್ಪೀನ್ಸ್‌ನಲ್ಲಿದ್ದ ಅಮೆರಿಕದ ಸೈನಿಕರಿಂದ ದೂರುಗಳು ಬಂದವು. 38 ಕ್ಯಾಲಿಬರ್‌ನ ಗುಂಡುಗಳು ತಗುಲಿದ ಮೇಲೂ ಮೊರೊ ಹೋರಾಟಗಾರರು ಕತ್ತಿ ಹಿಡಿದು ಮುನ್ನುಗ್ಗುತ್ತಿದ್ದರು. 1904ರಲ್ಲಿ ಸೇನಾಧಿಕಾರಿ ಜಾನ್ ಥಾಮ್ಸನ್ ಮತ್ತು ವೈದ್ಯ ಲೂಯಿ ಲಗಾರ್ಡ್ ಷಿಕಾಗೊದ ಕಸಾಯಿಖಾನೆಯಲ್ಲಿ ದನಗಳ ಮೇಲೆ ಗುಂಡು ಹಾರಿಸಿ ನೋಡಿದರು, ಶವಗಳನ್ನೂ ಪರೀಕ್ಷಿಸಿದರು. 45 ಕ್ಯಾಲಿಬರ್‌ಗಿಂತ ಕಡಿಮೆಯದು ಸಲ್ಲದು ಎಂಬುದು ಅವರ ಶಿಫಾರಸು. 1911ರಲ್ಲಿ ಸೇನೆ ಒಪ್ಪಿಕೊಂಡ ಪ್ರಸಿದ್ಧ ಕೋಲ್ಟ್ ಪಿಸ್ತೂಲಿಗೆ ಅದೇ ಬುನಾದಿ. ಆದರೆ ಹಲವು ಗುಂಡು ತಿಂದೂ ಬೀಳದ ದನಗಳು ಆ ಪರೀಕ್ಷೆಯಲ್ಲಿದ್ದವು ಎಂಬುದು ಜನರ ನೆನಪಿನಲ್ಲಿ ಉಳಿಯಲಿಲ್ಲ.

1912ರ ಅಕ್ಟೋಬರ್ 14. ಮತ್ತೆ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ರೂಸ್‌ವೆಲ್ಟ್ ಮಿಲ್ವಾಕಿಯ ಹೋಟೆಲಿನಿಂದ ಹೊರಬಂದು ಕಾರಿನಲ್ಲಿ ನಿಂತಿದ್ದರು. ಮೆಕಿನ್ಲಿ ಕನಸಿನಲ್ಲಿ ಬಂದು ಸೇಡಿಗೆ ಪ್ರೇರೇಪಿಸಿದರೆಂದು ಭ್ರಮಿಸಿದ್ದ ಜಾನ್ ಶ್ರಾಂಕ್, 38 ಕ್ಯಾಲಿಬರ್‌ನ ರಿವಾಲ್ವರ್‌ನಿಂದ ಸಮೀಪದಲ್ಲೇ ಗುಂಡು ಹಾರಿಸಿದ. ಮಡಚಿಟ್ಟಿದ್ದ 50 ಪುಟಗಳ ಭಾಷಣವನ್ನೂ ಕನ್ನಡಕದ ಉಕ್ಕಿನ ಪೆಟ್ಟಿಗೆಯನ್ನೂ ತೂರಿದ ಗುಂಡು ಎದೆಯೊಳಗೆ ನಿಂತಿತು. ಬೇಟೆಗಾರನ ಅನುಭವವಿದ್ದ ರೂಸ್‌ವೆಲ್ಟ್ ಕೆಮ್ಮಿ ನೋಡಿದರು. ಬಾಯಿಂದ ರಕ್ತ ಬರಲಿಲ್ಲ. ಶ್ವಾಸಕೋಶಕ್ಕೆ ಪೆಟ್ಟಾಗಿಲ್ಲವೆಂದು ತಿಳಿದು ನೇರ ಸಭೆಗೆ ಹೋದರು. ಅಂಗಿ ರಕ್ತದಲ್ಲಿ ತೊಯ್ದಿದ್ದರೂ ಸುಮಾರು ಒಂದೂವರೆ ಗಂಟೆ ಮಾತನಾಡಿ, ನಂತರವೇ ಆಸ್ಪತ್ರೆಗೆ ತೆರಳಿದರು.

ಇದನ್ನು ಪವಾಡ ಎನ್ನಬೇಕಿಲ್ಲ. ಕಾಗದದ ಕಟ್ಟು ಗುಂಡಿನ ವೇಗವನ್ನು ಕುಗ್ಗಿಸಿತ್ತು. ಅದಿಲ್ಲದಿದ್ದರೂ ಅವರು ಕೂಡಲೇ ಕುಸಿಯುತ್ತಿದ್ದರು ಎನ್ನಲಾಗದು. ಕೈಬಂದೂಕಿನ ಗುಂಡು ಹಾನಿ ಮಾಡುವುದು ಬಹುಪಾಲು ತಾನು ಸಾಗಿದ ಹಾದಿಯಲ್ಲಷ್ಟೇ. ಮಿದುಳಿಗೋ ಬೆನ್ನುಹುರಿಯ ಮೇಲ್ಭಾಗಕ್ಕೋ ತಗುಲಿದರೆ ಮಾತ್ರ ಮನುಷ್ಯ ತಟ್ಟನೆ ನಿಷ್ಕ್ರಿಯನಾಗುತ್ತಾನೆ. ಉಳಿದಂತೆ ರಕ್ತಸ್ರಾವಕ್ಕೆ ಸಮಯ ಬೇಕು. ಹೃದಯ ಛಿದ್ರವಾದರೂ ಮಿದುಳಿಗೆ ಹತ್ತು-ಹದಿನೈದು ಸೆಕೆಂಡುಗಳ ಆಮ್ಲಜನಕ ಉಳಿದಿರುತ್ತದೆ. ಮಾರಣಾಂತಿಕವಾಗಿ ಗಾಯಗೊಂಡ ದರೋಡೆಕೋರನೊಬ್ಬ 1986ರಲ್ಲಿ ಮಿಯಾಮಿಯಲ್ಲಿ ಗುಂಡು ಹಾರಿಸುತ್ತಲೇ ಇದ್ದ. ಆ ಕಾಳಗದಲ್ಲಿ ಎಫ್‌ಬಿಐ ಇಬ್ಬರು ಸಿಬ್ಬಂದಿಯನ್ನು ಕಳೆದುಕೊಂಡಿತು. 1989ರಲ್ಲಿ ಆ ಸಂಸ್ಥೆ ಗುಂಡಿನ ಗಾತ್ರಕ್ಕಿಂತ ಅದು ತಗುಲುವ ಜಾಗ ಮತ್ತು ಇಳಿಯುವ ಆಳವೇ ಮುಖ್ಯ ಎಂಬ ನಿಲುವಿಗೆ ಬಂದಿತು.

ಹೊರತೆಗೆಯುವುದು ಅಪಾಯವೆಂದು ವೈದ್ಯರು ಎದೆಯಲ್ಲೇ ಬಿಟ್ಟ ಗುಂಡಿನೊಂದಿಗೆ ರೂಸ್‌ವೆಲ್ಟ್ ಆರು ವರ್ಷಕ್ಕೂ ಹೆಚ್ಚು ಬಾಳಿದರು. 1919ರ ಜನವರಿ 6ರಂದು ನಿದ್ರೆಯಲ್ಲೇ ಕಣ್ಮುಚ್ಚಿದರು. ಪಿಸ್ತೂಲು ಕೊಲ್ಲಬಲ್ಲದು, ಆದರೆ ತಡೆಯುತ್ತದೆಂಬ ಖಾತರಿ ನೀಡಲಾರದು. ಆತ್ಮರಕ್ಷಣೆಗೆಂದು ಆಯುಧ ಕೊಳ್ಳುವವರೂ, ಒಂದೇ ಗುಂಡು ಸಾಲದಿತ್ತೇ ಎಂದು ಪೊಲೀಸರನ್ನು ಕೇಳುವವರೂ ಈ ವ್ಯತ್ಯಾಸವನ್ನು ಅರಿಯಬೇಕು.