ಗೂಢಲಿಪಿಯ ಬೀಗ ತೆರೆದ ಆಲನ್ ಟ್ಯೂರಿಂಗ್

ಪಾವಗಡದಿಂದ ಬಡಗಲಿಗೆ ಹೊರಟು ಅನಂತಪುರದ ಸೀಮೆಯನ್ನು ದಾಟಿದರೆ ಬಳ್ಳಾರಿ. ಮದರಾಸು ಆಧಿಪತ್ಯದ ಕಾಲದಲ್ಲಿ ಆ ಜಿಲ್ಲೆಯಲ್ಲಿ ಅಧಿಕಾರ ನಡೆಸಿದ ಆಂಗ್ಲರಲ್ಲಿ ಜೂಲಿಯಸ್ ಟ್ಯೂರಿಂಗ್ ಒಬ್ಬ. ಅವನ ಮಾವ ಸ್ಟೋನಿ ರೈಲ್ವೆಯ ಮುಖ್ಯ ಇಂಜಿನಿಯರು. ತುಂಗಭದ್ರೆಗೆ ಸೇತುವೆ ಕಟ್ಟಿಸಿದವನು. ಜೂಲಿಯಸನ ಎರಡನೆಯ ಮಗ ಆಲನ್ ೧೯೧೨ರ ಜೂನ್ ೨೩ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆಯ ಉದ್ಯೋಗ ಹಿಂದೂಸ್ಥಾನದಲ್ಲಿ. ಮಗು ಬೆಳೆದದ್ದು ಇಂಗ್ಲೆಂಡಿನಲ್ಲಿ, ಬಹುಮಟ್ಟಿಗೆ ಪರರ ಮನೆಯಲ್ಲಿ.

ಕೇಂಬ್ರಿಜ್ಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿದ ಈ ಏಕಾಂತಪ್ರಿಯ ತರುಣನು ೧೯೩೬ರಲ್ಲಿ, ಲೆಕ್ಕಕ್ಕೆ ಸಿಕ್ಕುವುದೆಲ್ಲವನ್ನೂ ಲೆಕ್ಕಮಾಡಬಲ್ಲ ಯಂತ್ರವೊಂದನ್ನು ಕಾಗದದ ಮೇಲೆ ಕಲ್ಪಿಸಿದನು. ಇಂದಿನ ಗಣಕಗಳೆಲ್ಲ ಆ ಕಲ್ಪನೆಯ ಸಂತಾನ.

೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದೊಡನೆ ಅವನು ಬ್ಲೆಚ್ಲಿ ಪಾರ್ಕಿಗೆ ಹೋದನು. ಜರ್ಮನರ ಎನಿಗ್ಮಾ ಯಂತ್ರದಲ್ಲಿ ಕೀಲಿಯೊಂದನ್ನು ಒತ್ತಿದಂತೆಲ್ಲ ಒಳಗಿನ ಚಕ್ರ ತಿರುಗಿ, ಒಂದೇ ಅಕ್ಷರ ಪ್ರತಿಸಲವೂ ಬೇರೆ ಬೇರೆ ವೇಷ ಧರಿಸುತ್ತಿತ್ತು. ಚಕ್ರಗಳನ್ನೂ ತಂತಿಗಳನ್ನೂ ಜೋಡಿಸುವ ಬಗೆಗಳು ಸುಮಾರು ೧೫೯ರ ಮುಂದೆ ೧೮ ಸೊನ್ನೆ ಬರೆದಷ್ಟು. ಪೋಲೆಂಡಿನ ಗಣಿತಜ್ಞರು ೧೯೩೨ರಷ್ಟು ಹಿಂದೆಯೇ ಇದರ ಮರ್ಮವನ್ನು ಭೇದಿಸಿದ್ದರೆಂಬುದನ್ನು ಇಲ್ಲಿ ಮರೆಯಲಾಗದು. ಟ್ಯೂರಿಂಗನ ಉಪಾಯವೆಂದರೆ, ಓಲೆಯಲ್ಲಿ ಇದ್ದೇ ಇರಬೇಕಾದ ಮಾತನ್ನು, ಹವಾಮಾನದ ವರದಿಯಂಥದನ್ನು, ಮೊದಲೇ ಊಹಿಸಿ, ಆ ಊಹೆಗೆ ಹೊಂದದ ಜೋಡಣೆಗಳನ್ನೆಲ್ಲ ಯಂತ್ರದಿಂದಲೇ ತಳ್ಳಿಹಾಕಿಸುವುದು. ಬಾಂಬ್ ಎಂಬ ಹೆಸರಿನ ಆ ಯಂತ್ರ ೧೯೪೦ರಲ್ಲಿ ಸಿದ್ಧವಾಯಿತು. ಜರ್ಮನ್ ಸೈನಿಕರೂ ಇವರಿಗೆ ನೆರವಾದರು! ಓಲೆಯೋಲೆಗೂ ಮೂರಕ್ಷರದ ಹೊಸ ಗುಪ್ತಸಂಕೇತವನ್ನು ಆರಿಸೆಂದರೆ, ಅವರಲ್ಲಿ ಕೆಲವರು ಪ್ರೇಯಸಿಯ ಹೆಸರನ್ನೋ ಕೀಲಿಮಣೆಯಲ್ಲಿ ಒತ್ತಾಗಿರುವ ಅಕ್ಷರಗಳನ್ನೋ ಹಾಕಿಬಿಡುತ್ತಿದ್ದರು.

ಎನಿಗ್ಮಾದ ವಂಶ ಅಲ್ಲಿಗೇ ಮುಗಿಯಲಿಲ್ಲ. ಯುನಿಕ್ಸ್ ಗಣಕವ್ಯವಸ್ಥೆಯ ಕ್ರಿಪ್ಟ್ ಎಂಬ ಆಜ್ಞೆ ಅದನ್ನೇ ಅನುಕರಿಸಿದ ಒಂಟಿಚಕ್ರದ ಯಂತ್ರ. ಪಾಸ್‌ವರ್ಡನ್ನು ಅಲ್ಲಿ ಇದ್ದಂತೆ ಬರೆದಿಡುವುದಿಲ್ಲ. ಉಪ್ಪು ಎಂದೇ ಕರೆಯುವ ಕೆಲವು ಅಕ್ಷರಗಳನ್ನು ಬೆರೆಸಿ, ಮರಳಿ ಬಿಡಿಸಲಾಗದಂತೆ ಅರೆದು ಇಡುತ್ತಾರೆ. ಆದರೂ ಮಾರಿಸ್ ಮತ್ತು ಥಾಂಪ್ಸನ್ ೧೯೭೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೩,೨೮೯ ಪಾಸ್‌ವರ್ಡುಗಳ ಪೈಕಿ ೨,೮೩೧ ಸುಲಭವಾಗಿ ಊಹೆಗೆ ಸಿಕ್ಕುವಂತಿದ್ದವು. ಇಂದು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ಒಂದು ಸಾಲಿನ ಆಜ್ಞೆಯಿತ್ತರೆ ಯಾರೂ ಊಹಿಸಲಾರದ ಅಕ್ಷರಮಾಲೆಯನ್ನು ಹೆಣೆದುಕೊಡುತ್ತದೆ. ಇನ್ನೊಂದು ಆಜ್ಞೆಗೆ ಅದನ್ನೇ ಅರೆದೂ ಕೊಡುತ್ತದೆ. ನಮ್ಮ ಮಧುಗಿರಿ, ಸಿರಾ ಕಡೆಯಲ್ಲಾದರೋ ಮಗಳ ಹೆಸರಿಗೆ ಅವಳು ಹುಟ್ಟಿದ ಇಸವಿಯನ್ನು ಅಂಟಿಸಿ ನಿಶ್ಚಿಂತರಾಗಿರುವವರಿಗೆ ಬರವಿಲ್ಲ.

ಟ್ಯೂರಿಂಗನು ತಾನು ಮಾಡಿದ ಕೆಲಸವನ್ನು ಯಾರೊಡನೆಯೂ ಹೇಳುವಂತಿರಲಿಲ್ಲ. ೧೯೫೨ರಲ್ಲಿ ಮನೆಗೆ ಕನ್ನ ಬಿದ್ದಿತೆಂದು ಪೋಲೀಸರಿಗೆ ದೂರಿತ್ತನು. ವಿಚಾರಣೆಯಲ್ಲಿ ಪುರುಷನೊಬ್ಬನೊಡನೆ ಅವನಿಗಿದ್ದ ಪ್ರಣಯ ಹೊರಬಿದ್ದಿತು. ಅಂದಿನ ಕಾನೂನಿಗೆ ಅದು ಅಪರಾಧ. ಸೆರೆಮನೆಗೆ ಬದಲಾಗಿ ದೇಹವನ್ನೇ ಕೆಡಿಸುವ ಔಷಧಿಯನ್ನು ಅವನು ಒಪ್ಪಬೇಕಾಯಿತು; ಸರಕಾರದ ಗೂಢಲಿಪಿಯ ಕಾರ್ಯದಿಂದಲೂ ಅವನನ್ನು ದೂರವಿಟ್ಟರು. ೧೯೫೪ರ ಜೂನ್ ೭ರಂದು, ನಲವತ್ತೆರಡು ತುಂಬುವ ಮೊದಲೇ, ಸಯನೈಡ್ ವಿಷದಿಂದ ಅವನು ತೀರಿಕೊಂಡನು. ಆತ್ಮಹತ್ಯೆಯೆಂದು ತೀರ್ಪಾಯಿತು. ಬ್ಲೆಚ್ಲಿಯ ಸಂಗತಿ ಲೋಕಕ್ಕೆ ತಿಳಿದದ್ದು ೧೯೭೦ರ ದಶಕದಲ್ಲಿ. ರಾಣಿಯ ಕ್ಷಮಾದಾನ ಬಂದದ್ದು ೨೦೧೩ರಲ್ಲಿ.