ಮಿಗ್ ಮಾದರಿ ಅಳೆಯುವ ಮುನ್ನ: ಆರ್ತೆಮ್ ಮಿಕೊಯಾನ್ ಜೀವನಗಾಥೆ

ಬೆಂಗಳೂರು: ಚಂಡೀಗಢದ ವಾಯುನೆಲೆಯಲ್ಲಿ 2025ರ ಸೆಪ್ಟೆಂಬರ್ 26ರಂದು ಮಿಗ್-21 ಯುದ್ಧವಿಮಾನಗಳು ಭಾರತೀಯ ವಾಯುಪಡೆಯಿಂದ ವಿಧ್ಯುಕ್ತವಾಗಿ ನಿವೃತ್ತಿ ಹೊಂದಿದವು. 1963ರಲ್ಲಿ ಇದೇ ಚಂಡೀಗಢದಲ್ಲಿ ಆರಂಭವಾದ ಆರು ದಶಕಗಳ ಸೇವೆಗೆ ಅಲ್ಲಿಯೇ ತೆರೆ ಬಿದ್ದಿತು. ಭಾರತದ ಆಗಸದಿಂದ ಮರೆಯಾದ ಈ ವಿಮಾನ ಇನ್ನು ನಮಗೆ ಕಾಣಸಿಗುವುದು ವಸ್ತುಸಂಗ್ರಹಾಲಯಗಳಲ್ಲಿ, ಸ್ಮಾರಕದ ಕಟ್ಟೆಗಳ ಮೇಲೆ ಮತ್ತು ಹವ್ಯಾಸಿಗಳು ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿಗಳಲ್ಲಿ.

ಮಾದರಿ ಕಟ್ಟುವವರ ಲೋಕದಲ್ಲಿ ಒಂದು ಪ್ರಶ್ನೆಗೆ ಕೊನೆಯೆಂಬುದಿಲ್ಲ. ಪೆಟ್ಟಿಗೆಯೊಳಗಿನ ಮಿಗ್, ನಿಜವಾದ ಮಿಗ್‌ನಂತೆಯೇ ಇದೆಯೇ? ರೆಕ್ಕೆಯ ಕೋನ, ಮೂತಿಯ ಅಗಲ, ಬೆನ್ನಿನ ಉಬ್ಬು ಸರಿಯಾಗಿವೆಯೇ? ಈ ಪ್ರಶ್ನೆಗೆ ಅಳತೆಪಟ್ಟಿಯೊಂದರಿಂದಲೇ ಉತ್ತರ ದೊರೆಯುವುದಿಲ್ಲ. ಆ ಆಕಾರಗಳನ್ನು ತಿದ್ದಿ ತೀಡಿದ ವ್ಯಕ್ತಿಯ ಬದುಕನ್ನೂ ಒಮ್ಮೆ ತಿರುವಿ ನೋಡಬೇಕಾಗುತ್ತದೆ. ಆತನೇ ಆರ್ತೆಮ್ ಇವಾನೊವಿಚ್ ಮಿಕೊಯಾನ್.

ಬಡಗಿಯ ಮಗ

ಮಿಕೊಯಾನ್ ಜನಿಸಿದ್ದು 1905ರ ಆಗಸ್ಟ್ 5ರಂದು, ಅರ್ಮೇನಿಯದ ಬೆಟ್ಟಗಳ ನಡುವಿನ ಸನಾಹಿನ್ ಎಂಬ ಗ್ರಾಮದಲ್ಲಿ. ಆಗ ಆ ಪ್ರದೇಶ ರಷ್ಯಾದ ಚಕ್ರಾಧಿಪತ್ಯಕ್ಕೆ ಸೇರಿತ್ತು. ತಂದೆ ಬಡಗಿ. ಹತ್ತು ವರ್ಷ ಹಿರಿಯನಾದ ಅಣ್ಣ ಅನಸ್ತಾಸ್ ಮಿಕೊಯಾನ್ ಮುಂದೆ ಸೋವಿಯತ್ ಒಕ್ಕೂಟದ ಅತಿ ಪ್ರಭಾವಿ ನಾಯಕರಲ್ಲೊಬ್ಬರಾದರು.

ತಮ್ಮನ ಹಾದಿ ಕಾರ್ಖಾನೆಯಿಂದ ಶುರುವಾಯಿತು. 1920ರ ದಶಕದಲ್ಲಿ ರೊಸ್ತೊವ್‌ನಲ್ಲೂ ನಂತರ ಮಾಸ್ಕೋದಲ್ಲೂ ಲೇತ್ ಯಂತ್ರದ ಮುಂದೆ ನಿಂತು ಲೋಹ ಕಡೆಯುವ ಕೆಲಸ ಮಾಡಿದರು. ಸೇನಾ ಸೇವೆಯ ಬಳಿಕ 1931ರಲ್ಲಿ ಝುಕೊವ್‌ಸ್ಕಿ ವಾಯುಪಡೆ ಅಕಾಡೆಮಿ ಸೇರಿದರು. ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯರೊಡಗೂಡಿ ‘ಒಕ್ತ್ಯಾಬ್ರ್ಯೊನೊಕ್’ ಎಂಬ ಹಗುರ ವಿಮಾನವೊಂದನ್ನು ನಿರ್ಮಿಸಿದರು. 1937ರಲ್ಲಿ ಎಂಜಿನಿಯರ್ ಆಗಿ ಹೊರಬಂದು, ಅಂದಿನ ಪ್ರಸಿದ್ಧ ವಿನ್ಯಾಸಕಾರ ನಿಕೊಲಾಯ್ ಪೊಲಿಕಾರ್ಪೊವ್ ಅವರ ವಿಮಾನಗಳು ತಯಾರಾಗುತ್ತಿದ್ದ ಕಾರ್ಖಾನೆಗೆ ಸೇರಿಕೊಂಡರು.

1939ರ ಡಿಸೆಂಬರ್‌ನಲ್ಲಿ ಅಲ್ಲಿಯೇ ಹೊಸ ವಿನ್ಯಾಸ ವಿಭಾಗವೊಂದು ತಲೆಯೆತ್ತಿತು. ಅದರ ಮುಖ್ಯಸ್ಥರು ಮಿಕೊಯಾನ್. ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯರಾದ ಮಿಖಾಯಿಲ್ ಗುರೆವಿಚ್ ಅವರ ಸಹೋದ್ಯೋಗಿ. ಇಬ್ಬರ ಹೆಸರಿನ ಮೊದಲಕ್ಷರಗಳ ನಡುವೆ, ರಷ್ಯನ್ ಭಾಷೆಯಲ್ಲಿ ‘ಮತ್ತು’ ಎಂಬರ್ಥದ ‘ಇ’ ಸೇರಿ ‘ಮಿಗ್’ ಎಂಬ ಹೆಸರಾಯಿತು. ಮೊದಲ ವಿಮಾನದ ಕರಡು ಪೊಲಿಕಾರ್ಪೊವ್ ಅವರ ಕಚೇರಿಯಲ್ಲಿಯೇ ಮೂಡಿತ್ತು. ಅವರು ಜರ್ಮನಿ ಪ್ರವಾಸದಲ್ಲಿದ್ದಾಗ ಅದು ಮಿಕೊಯಾನ್ ತಂಡದ ಪಾಲಾಯಿತು. ಇದರಲ್ಲಿ ಅಣ್ಣನ ಪ್ರಭಾವವೆಷ್ಟು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಮುಂದಿನ ಮೂವತ್ತು ವರ್ಷಗಳ ಸಾಧನೆಯನ್ನು ಕೇವಲ ಬಂಧುತ್ವದಿಂದ ವಿವರಿಸಲು ಸಾಧ್ಯವಿಲ್ಲ.

ಮಿಗ್-1ರ ಮೂಲರೂಪ 1940ರ ಏಪ್ರಿಲ್ 5ರಂದು ಹಾರಿತು. ಹಾರಿಸಿದ ಅರ್ಕಾದಿ ಎಕಾತೊವ್ ಮರುವರ್ಷದ ಮಾರ್ಚ್‌ನಲ್ಲಿ ಮಿಗ್-3ರ ಪರೀಕ್ಷೆಯಲ್ಲಿ ಮಡಿದರು. ಮಿಕೊಯಾನ್ ಕಚೇರಿಯ ಚರಿತ್ರೆಯಲ್ಲಿ ಇಂತಹ ಸಾವುಗಳ ಸಾಲೇ ಇದೆ.

ಹಿಂಬಾಗಿದ ರೆಕ್ಕೆ

ಸಮರಾನಂತರ ಜೆಟ್ ಯುಗ ತೆರೆದುಕೊಂಡಿತು. ಜರ್ಮನ್ ಎಂಜಿನ್ ಆಧರಿಸಿದ ಮಿಗ್-9, 1946ರ ಏಪ್ರಿಲ್ 24ರಂದು ಹಾರಿತು. ಅದನ್ನು ಹಾರಿಸಿದ ಅಲೆಕ್ಸೇಯ್ ಗ್ರಿಂಚಿಕ್ ಮೂರೇ ತಿಂಗಳಲ್ಲಿ, ಪ್ರದರ್ಶನ ಹಾರಾಟವೊಂದರಲ್ಲಿ ಅಸುನೀಗಿದರು. ಅದೇ ವರ್ಷ ಬ್ರಿಟನ್ನಿಗೆ ತೆರಳಿದ ಸೋವಿಯತ್ ನಿಯೋಗದಲ್ಲಿ ಮಿಕೊಯಾನ್ ಕೂಡ ಇದ್ದರು. ರೋಲ್ಸ್ ರಾಯ್ಸ್ ಸಂಸ್ಥೆಯ ನೀನ್ ಎಂಜಿನ್‌ಗಳನ್ನು ಮಾರಲು ಬ್ರಿಟಿಷ್ ಸರ್ಕಾರ ಒಪ್ಪಿತು. ಈ ಎಂಜಿನ್‌ನ ಸೋವಿಯತ್ ನಕಲು ಮಿಗ್-15ರ ಹೃದಯವಾಯಿತು. ಮಿಗ್-15ರ ಮೂಲರೂಪ 1947ರ ಡಿಸೆಂಬರ್ 30ರಂದು ವಿಕ್ತರ್ ಯುಗಾನೊವ್ ಅವರ ಕೈಯಲ್ಲಿ ಗಗನಕ್ಕೇರಿತು.

ಮಾದರಿ ಪರಿಶೀಲಿಸುವವರು ಇಲ್ಲಿ ಕೆಲವು ಅಂಶಗಳನ್ನು ಗಮನಿಸಬೇಕು. ನೀನ್ ದಪ್ಪನೆಯ ಎಂಜಿನ್. ಆದ್ದರಿಂದಲೇ ಮಿಗ್-15ರ ಒಡಲು ಪೀಪಾಯಿಯಂತೆ ಉರುಟು. ಒಡಲು ತೆಳ್ಳಗೆ ಕಂಡರೆ ಮಾದರಿ ತಪ್ಪಿದೆ ಎಂದೇ ಅರ್ಥ. ರೆಕ್ಕೆಯ ಹರವು 10.08 ಮೀಟರ್, 1:72 ಪ್ರಮಾಣದಲ್ಲಿ ಅದು ಸರಿಯಾಗಿ 140 ಮಿಲಿಮೀಟರ್ ಆಗಬೇಕು. ಈ ಪ್ರಮಾಣದಲ್ಲಿ ಒಂದು ಮಿಲಿಮೀಟರ್ ತಪ್ಪೆಂದರೆ ನಿಜ ವಿಮಾನದಲ್ಲಿ 7.2 ಸೆಂಟಿಮೀಟರ್. ಮೂತಿಯ ಕೆಳಗೆ ವಿಮಾನದ ಬಲಕ್ಕೆ 37 ಮಿಲಿಮೀಟರ್‌ನ ಒಂದು ತೋಪು, ಎಡಕ್ಕೆ 23 ಮಿಲಿಮೀಟರ್‌ನ ಎರಡು ತೋಪುಗಳಿರಬೇಕು.

ರೆಕ್ಕೆಯ ಹಿಂಬಾಗು 35 ಡಿಗ್ರಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಇದು ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಕಾಲುಭಾಗದಷ್ಟು ಹಿಂದಿರುವ ರೇಖೆಯ ಕೋನವೇ ಹೊರತು ಮುಂಭಾಗದ ಅಂಚಿನದಲ್ಲ. ಅಂಚಿಗೇ ಕೋನಮಾಪಕ ಹಿಡಿದರೆ ತುಸು ಹೆಚ್ಚು ಬರುತ್ತದೆ. ಈ ವ್ಯತ್ಯಾಸ ಅರಿಯದೆ ಒಳ್ಳೆಯ ಕಿಟ್‌ಗೂ ತಪ್ಪು ಹೊರಿಸುವ ಸಂಭವವಿದೆ.

1950ರಲ್ಲಿ ಹಾರಿದ ಮಿಗ್-17 ಮೇಲ್ನೋಟಕ್ಕೆ ಮಿಗ್-15ರ ಅವಳಿ. ಆದರೆ ಅದರ ರೆಕ್ಕೆ ಕುಡುಗೋಲಿನಂತೆ ಎರಡು ಕೋನಗಳಲ್ಲಿ ಬಾಗಿದೆ. ಮಿಗ್-15ರ ಪ್ರತಿ ರೆಕ್ಕೆಯ ಮೇಲೆ ಗಾಳಿಯನ್ನು ನೇರವಾಗಿ ಹರಿಸುವ ಎರಡು ತಡೆಪಟ್ಟಿಗಳಿದ್ದರೆ ಮಿಗ್-17ರಲ್ಲಿ ಮೂರಿವೆ. ಮಿಗ್-17ರ ಮೊದಲ ಹಾರಾಟ ನಡೆಸಿದ ಇವಾನ್ ಇವಾಶ್ಚೆಂಕೊ ಎರಡು ತಿಂಗಳಲ್ಲಿ ಅದೇ ವಿಮಾನದಲ್ಲಿ ಪ್ರಾಣ ತೆತ್ತರು.

ಬೆಂಗಳೂರಿನ ಒಂದು ಎಳೆ

ಮಿಗ್-15, ಜರ್ಮನಿಯ ಟಿಎ-183 ಎಂಬ ಕಾಗದದ ಮೇಲಿನ ವಿಮಾನದ ನಕಲು ಎಂಬ ವಾದ ದೀರ್ಘಕಾಲ ಚಲಾವಣೆಯಲ್ಲಿತ್ತು. ಟಿಎ-183ರ ಜತೆ ತಳುಕು ಹಾಕಿಕೊಂಡ ಹೆಸರು ಕುರ್ಟ್ ಟ್ಯಾಂಕ್. ಇದೇ ಟ್ಯಾಂಕ್ ಮುಂದೆ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ‘ಮಾರುತ್’ ಯುದ್ಧವಿಮಾನ ವಿನ್ಯಾಸಗೊಳಿಸಿದರು. ಅದು 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ನಕಲಿನ ವಾದವನ್ನು ಇಂದು ಬಹುತೇಕ ಇತಿಹಾಸಕಾರರು ಒಪ್ಪುವುದಿಲ್ಲ. ಎರಡರ ರೇಖಾಚಿತ್ರಗಳನ್ನು ಒಂದೇ ಪ್ರಮಾಣಕ್ಕೆ ತಂದು ಪಕ್ಕಪಕ್ಕದಲ್ಲಿಟ್ಟರೆ ಒಡಲು, ರೆಕ್ಕೆಯ ಸ್ಥಾನ, ಬಾಲ ಎಲ್ಲವೂ ಬೇರೆ ಬೇರೆ ಎಂಬುದು ಸ್ಪಷ್ಟವಾಗುತ್ತದೆ. ಜರ್ಮನ್ ಸಂಶೋಧನೆಯ ಅರಿವು ಮಿಕೊಯಾನ್ ತಂಡಕ್ಕಿದ್ದಿತಾದರೂ ವಿಮಾನ ಅವರದೇ.

ಊಹೆಯಿಂದ ಹುಟ್ಟಿದ ಕಿಟ್‌ಗಳು

ಮಿಕೊಯಾನ್ ಬದುಕಿದ್ದು ರಹಸ್ಯದ ಗೋಡೆಯೊಳಗೆ. ಅವರ ವಿಮಾನಗಳ ನಕ್ಷೆಗಳು ಹೊರಬರುತ್ತಿರಲಿಲ್ಲ. ಪಶ್ಚಿಮದ ಕಂಪನಿಗಳಿಗೆ ಸಿಗುತ್ತಿದ್ದುದು ವಾಯುಪ್ರದರ್ಶನಗಳಲ್ಲಿ ದೂರದಿಂದ ತೆಗೆದ ಮಸುಕು ಚಿತ್ರಗಳು ಮಾತ್ರ. ಉಳಿದುದನ್ನು ಕಲಾವಿದರು ಕಲ್ಪಿಸಿಕೊಳ್ಳುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದ ಅರೋರಾ ಕಂಪನಿ ಮಿಗ್-19 ಎಂದು ಮಾರಿದ ಕಿಟ್ ಇಂತಹ ಊಹೆಯ ಕೂಸು. ನಿಜವಾದ ಮಿಗ್-19ಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. 1987ರಲ್ಲಿ ಟೆಸ್ಟರ್ಸ್ ಕಂಪನಿ ಹೊರತಂದ ಮಿಗ್-37 ಎಂಬ ವಿಮಾನವಂತೂ ಜಗತ್ತಿನಲ್ಲಿ ಎಂದೂ ಇರಲಿಲ್ಲ.

1956ರಲ್ಲಿ ಮಾಸ್ಕೋ ಸಮೀಪದ ತೂಷಿನೊ ಪ್ರದರ್ಶನದಲ್ಲಿ ಮಿಕೊಯಾನ್ ಅವರ ಎರಡು ಬಗೆಯ ಹೊಸ ವಿಮಾನಗಳು ಹಾರಿದವು. ಒಂದರದು ಹಿಂಬಾಗಿದ ರೆಕ್ಕೆ, ಇನ್ನೊಂದರದು ತ್ರಿಕೋನ ರೆಕ್ಕೆ. ಯಾವುದು ಸೇನೆ ಸೇರುವುದೆಂದು ತಿಳಿಯದ ಪಶ್ಚಿಮದ ತಜ್ಞರು ಮೊದಲನೆಯದರತ್ತ ಬೆರಳು ತೋರಿದರು. ಮಿಕೊಯಾನ್ ಆರಿಸಿಕೊಂಡಿದ್ದು ಎರಡನೆಯದನ್ನು. ಅದೇ ಮಿಗ್-21.

ಸತ್ಯ ಹೊರಬಿದ್ದದ್ದು ಬಹುಪಾಲು ದೇಶ ತೊರೆದ ಪೈಲಟ್‌ಗಳಿಂದ. 1953ರ ಮಾರ್ಚ್ 5ರಂದು ಪೋಲೆಂಡಿನ ಪೈಲಟ್ ಒಬ್ಬರು ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದಲ್ಲಿ ಮಿಗ್-15 ಇಳಿಸಿದರು. ಅದೇ ವರ್ಷದ ಸೆಪ್ಟೆಂಬರ್ 21ರಂದು ಉತ್ತರ ಕೊರಿಯದ ನೊ ಕುಮ್ ಸೊಕ್ ತಮ್ಮ ವಿಮಾನದೊಂದಿಗೆ ದಕ್ಷಿಣದ ಕಿಂಪೊ ನೆಲೆಗೆ ಬಂದರು. ಆ ವಿಮಾನ ಈಗ ಅಮೆರಿಕದ ಡೇಟನ್ ವಸ್ತುಸಂಗ್ರಹಾಲಯದಲ್ಲಿದೆ. 1966ರ ಆಗಸ್ಟ್ 16ರಂದು ಇರಾಕ್‌ನ ಮುನೀರ್ ರೆದ್ಫಾ ಮಿಗ್-21ರೊಂದಿಗೆ ಇಸ್ರೇಲಿಗೆ ಹಾರಿದರು. ಹೀಗೆ ಕೈಗೆ ಸಿಕ್ಕ ಒಂದೊಂದು ವಿಮಾನವೂ ಅಳತೆಪಟ್ಟಿಗೆ ನಿಲುಕಿತು.

ಚೆಕೊಸ್ಲೊವಾಕಿಯದ ಕಥೆ ಬೇರೆ. ಅಲ್ಲಿನ ಕಾರ್ಖಾನೆಗಳಲ್ಲಿಯೇ ಮಿಗ್-15, ಮಿಗ್-19 ಮತ್ತು ಮಿಗ್-21 ಪರವಾನಗಿಯಡಿ ತಯಾರಾಗುತ್ತಿದ್ದವು. ಸೋವಿಯತ್ ವಿಮಾನಗಳ ಮಾದರಿ ತಯಾರಿಕೆಯಲ್ಲಿ ಆ ನಾಡಿನ ಕೆಪಿ, ನಂತರದ ವರ್ಷಗಳಲ್ಲಿ ಎಡುವರ್ಡ್ ಸಂಸ್ಥೆಗಳು ಹೆಸರು ಗಳಿಸಿದ್ದರಲ್ಲಿ ಅಚ್ಚರಿಯಿಲ್ಲ.

ಯಾವ ಮಿಗ್-21?

ಮಿಗ್-21 ಎಂಬುದು ಒಂದೇ ವಿಮಾನವಲ್ಲ. 1955ರಲ್ಲಿ ತ್ರಿಕೋನ ರೆಕ್ಕೆಯ ಮೂಲರೂಪ ಹಾರಿದ ಮೇಲೆ ವರ್ಷ ವರ್ಷವೂ ಅದು ಬದಲಾಯಿತು. 1958ರ ಮೇ ತಿಂಗಳಲ್ಲಿ ಪರೀಕ್ಷಾ ಪೈಲಟ್ ವ್ಲಾದಿಮಿರ್ ನೆಫೆದೊವ್ ಎಂಜಿನ್ ನಿಂತ ವಿಮಾನವನ್ನು ಇಳಿಸಲೆತ್ನಿಸಿ ತೀರಿಕೊಂಡರು. ಅನಂತರ ನಿಯಂತ್ರಣ ವ್ಯವಸ್ಥೆಯನ್ನೇ ಬದಲಿಸಲಾಯಿತು.

ಆದಕಾರಣ ಕಿಟ್ ನಿಖರವೇ ಎಂದು ಕೇಳುವ ಮುನ್ನ ಅದು ಯಾವ ಆವೃತ್ತಿಯದು ಎಂದು ಕೇಳಬೇಕು. ಆರಂಭದ ಎಫ್-13ರ ಮೂತಿ ಕಿರಿದು, ವೇಗ ಅಳೆಯುವ ಪಿಟೋ ಕೊಳವೆ ಮೂತಿಯ ಕೆಳಗಿದೆ. ರೇಡಾರ್ ಅಳವಡಿಸಿದ ಪಿಎಫ್‌ನಲ್ಲಿ ಮೂತಿ ಅಗಲವಾಯಿತು, ಕೊಳವೆ ಮೇಲಕ್ಕೇರಿತು. ಮುಂದಿನ ಆವೃತ್ತಿಗಳಲ್ಲಿ ಅದು ಬಲಕ್ಕೆ ಸರಿಯಿತು. ಬಿಸ್ ಹೊತ್ತಿಗೆ ಬೆನ್ನು ಉಬ್ಬಿತ್ತು. ಉದ್ದ ಅಳೆಯುವಾಗ ಕೊಳವೆಯನ್ನು ಸೇರಿಸಬೇಕೇ ಬೇಡವೇ ಎಂಬ ಗೊಂದಲದಿಂದಲೇ ಎಷ್ಟೋ ತಪ್ಪುಗಳು ನುಸುಳಿವೆ. ರೆಕ್ಕೆಯ ಹರವು 7.15 ಮೀಟರ್, 1:72ರಲ್ಲಿ ಸುಮಾರು 99 ಮಿಲಿಮೀಟರ್, 1:48ರಲ್ಲಿ 149. ಈ ಅಳತೆಯನ್ನೇ ನಂಬುವುದು ಲೇಸು.

ಭಾರತದ ಮಿಗ್ ಕಟ್ಟಬಯಸುವವರಿಗೆ ಇದು ಇನ್ನಷ್ಟು ಮುಖ್ಯ. 1964ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಹಾಗೂ ಮಿಗ್ ತಯಾರಿಕೆಗೆಂದೇ ಹುಟ್ಟಿದ ಏರೋನಾಟಿಕ್ಸ್ ಇಂಡಿಯಾ ವಿಲೀನಗೊಂಡು ಇಂದಿನ ಎಚ್‌ಎಎಲ್ ರೂಪುಗೊಂಡಿತು. ನಾಸಿಕ್‌ನಲ್ಲಿ ವಿಮಾನದ ಒಡಲು, ಕೊರಾಪುಟ್‌ನಲ್ಲಿ ಎಂಜಿನ್ ತಯಾರಾದವು. ನಮ್ಮ ಎಫ್‌ಎಲ್ ಆವೃತ್ತಿಗೆ ಒಳಗೆ ತೋಪಿರಲಿಲ್ಲ. ಬೇಕಾದಾಗ ಹೊಟ್ಟೆಯಡಿ ತೋಪಿನ ಗೂಡು ಕಟ್ಟಲಾಗುತ್ತಿತ್ತು. ನಂತರ ಬಂದ ಎಂ ಆವೃತ್ತಿಯಲ್ಲಿ ತೋಪು ಒಡಲಿನಲ್ಲಿಯೇ ಇತ್ತು. ಬೇರೆ ಆವೃತ್ತಿಯ ಕಿಟ್‌ಗೆ ಭಾರತದ ಲಾಂಛನ ಅಂಟಿಸಿದ ಮಾತ್ರಕ್ಕೆ ಅದು 1971ರ ಎಫ್‌ಎಲ್ ಆಗಲಾರದು.

ಕೊನೆಯ ವಿನ್ಯಾಸಗಳು

1964ರ ಮಾರ್ಚ್ 6ರಂದು ಮಿಗ್-25ರ ಮೂಲರೂಪ ಹಾರಿತು. ಅದರ ಮಹಾವೇಗ ಕಂಡು ಪಶ್ಚಿಮ ದೇಶಗಳು ಬೆಚ್ಚಿದವು. ಟೈಟಾನಿಯಂನಿಂದ ಮಾಡಿದ, ಚುರುಕಾಗಿ ತಿರುಗಬಲ್ಲ ವಿಮಾನ ಇದೆಂದು ಭಾವಿಸಿದವು. 1976ರ ಸೆಪ್ಟೆಂಬರ್ 6ರಂದು ವಿಕ್ತರ್ ಬೆಲೆಂಕೊ ಜಪಾನಿನ ಹಕೊದಾತೆಯಲ್ಲಿ ಇಳಿದಾಗ, ಅದು ಬಹುಪಾಲು ಉಕ್ಕಿನ ಭಾರವಾದ ಯಂತ್ರವೆಂಬುದು ಬಯಲಾಯಿತು. ಅದಕ್ಕೂ ಹಿಂದಿನ ಚಿತ್ರಗಳನ್ನು ನಂಬಿ ತಯಾರಿಸಿದ ಕಿಟ್‌ಗಳನ್ನು ಈ ಕಾರಣದಿಂದ ಎಚ್ಚರದಿಂದ ನೋಡಬೇಕು.

1967ರ ಜೂನ್ 10ರಂದು ಹಾರಿದ ಮಿಗ್-23ರ ರೆಕ್ಕೆಯ ಕೋನವನ್ನು ಹಾರಾಟದಲ್ಲಿಯೇ ಬದಲಿಸಬಹುದಿತ್ತು. ಪೈಲಟ್ ಕೋಣೆಯ ಗುರುತುಗಳು 16, 45, 72 ಡಿಗ್ರಿ. ವಾಸ್ತವದ ಕೋನಗಳು ಎರಡೂವರೆ ಡಿಗ್ರಿಗೂ ಅಧಿಕ: 18 ಡಿಗ್ರಿ 40 ನಿಮಿಷ, 47 ಡಿಗ್ರಿ 40 ನಿಮಿಷ, 74 ಡಿಗ್ರಿ 40 ನಿಮಿಷ. ಪುಸ್ತಕದ ಅಂಕಿ ನಂಬಿ ರೆಕ್ಕೆ ಜೋಡಿಸಿದವರೂ ಎಡವಿದ್ದುಂಟು.

1969ರ ಏಪ್ರಿಲ್ 26ರಂದು ಸೋವಿಯತ್ ವಾಯುರಕ್ಷಣಾ ವಿಮಾನದಳದ ಮುಖ್ಯಸ್ಥ ಜನರಲ್ ಅನತೋಲಿ ಕದೊಮ್ತ್ಸೆವ್ ಮಿಗ್-25 ಹಾರಿಸುತ್ತಿದ್ದಾಗ ದುರಂತಕ್ಕೀಡಾದರು. ಅದರ ಬೆನ್ನಿಗೇ ಮಿಕೊಯಾನ್ ಅವರಿಗೆ ತೀವ್ರ ಹೃದಯಾಘಾತವಾಯಿತು. ಮತ್ತೆ ಅವರು ಚೇತರಿಸಿಕೊಳ್ಳಲಿಲ್ಲ. 1970ರ ಡಿಸೆಂಬರ್ 9ರಂದು ಮಾಸ್ಕೋದಲ್ಲಿ, ತಮ್ಮ 65ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ನೊವೊದೆವಿಚಿ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಕಚೇರಿಯ ಹೊಣೆ ರೊಸ್ತಿಸ್ಲಾವ್ ಬೆಲ್ಯಾಕೊವ್ ಅವರ ಹೆಗಲೇರಿತು. ಗುರೆವಿಚ್ 1976ರಲ್ಲಿ ನಿಧನರಾದರು. ಮಿಕೊಯಾನ್ ಗತಿಸಿ ಒಂದು ವರ್ಷ ಐದು ದಿನಗಳಾದ ಮೇಲೆ, 1971ರ ಡಿಸೆಂಬರ್ 14ರಂದು, ಭಾರತದ ಮಿಗ್-21ಗಳು ಢಾಕಾದ ಗವರ್ನರ್ ಭವನದ ಮೇಲೆ ದಾಳಿ ನಡೆಸಿದವು.

ಮಿಲಿಮೀಟರ್ ಲೆಕ್ಕ ಹಾಕುವ ಹವ್ಯಾಸಿಗಳನ್ನು ಕಂಡು ನಗುವವರಿದ್ದಾರೆ. ಆದರೆ ಮಿಗ್‌ಗಳ ಒಡಲಿನ ಪ್ರತಿ ತಿದ್ದುಪಡಿಯ ಹಿಂದೆ ಒಂದು ನಿರ್ಧಾರವಿದೆ, ಕೆಲವದರ ಹಿಂದೆ ಒಂದು ಜೀವವೇ ಇದೆ. ಅವನ್ನು ಸರಿಯಾಗಿ ತೋರಿಸುವ ಮಾದರಿ ಆಟಿಕೆಯಲ್ಲ, ದಾಖಲೆ. ತಪ್ಪಾಗಿ ತೋರಿಸಿದರೆ ಎಕಾತೊವ್, ಗ್ರಿಂಚಿಕ್, ನೆಫೆದೊವ್ ಮೊದಲಾದವರು ಹಾರಿಸಿದ ವಿಮಾನಗಳ ಬದಲಿಗೆ ಯಾರೋ ಊಹಿಸಿದ ವಿಮಾನ ಉಳಿಯುತ್ತದೆ.

ಸನಾಹಿನ್‌ನಲ್ಲಿ ಇಂದು ಮಿಕೊಯಾನ್ ಸೋದರರ ವಸ್ತುಸಂಗ್ರಹಾಲಯವಿದೆ. ಅದರ ಅಂಗಳದಲ್ಲಿ ಮಿಗ್-21 ಒಂದು ನಿಂತಿದೆ. ಅಲ್ಲಿಗೆ ಹೋದ ಹವ್ಯಾಸಿಗಳು ಅದರ ಸುತ್ತ ಅಳತೆಪಟ್ಟಿ ಹಿಡಿದು ಓಡಾಡಿದರೆ, ಲೇತ್ ಯಂತ್ರದ ಮುಂದೆ ಮಿಲಿಮೀಟರ್ ಲೆಕ್ಕದಲ್ಲೇ ಬದುಕು ಆರಂಭಿಸಿದ ಆ ಮನುಷ್ಯನಿಗೆ ಅದು ಖಂಡಿತ ವಿಚಿತ್ರವೆನಿಸುತ್ತಿರಲಿಲ್ಲ.